ಸಿದ್ದಾರೂಢನನ್ನು ನೋಡಲು ಬಂದರು

ಬಸವಣ್ಣೆವ್ವನ ಬಲಗೈ ಮುರಿದು ಪ್ಲಾಸ್ಟರ್ ಬಿದ್ದ ದಿನದಿಂದ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ರೊಟ್ಟಿ ಸಿಗಲಿಲ್ಲ. ಸೊಸೆ ಶೈಲಾ ರೊಟ್ಟಿ ಬಡಿಯುವುದರಲ್ಲಿ ಅತ್ತೆಗೇನೂ ಕಡಿಮೆಯಿಲ್ಲ, ಆದರೆ ಬೆಳಿಗ್ಗೆ ಎಂಟೂವರೆಗೆ ಅವಳು ಶಾಲೆಯ ಆಫೀಸಿಗೆ ಹೊರಡಬೇಕು. ಮೊಮ್ಮಗಳು ಸ್ನೇಹಲ್ ಹತ್ತನೇ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಅವಳು ಬಡಿದ ರೊಟ್ಟಿ ಭೂಗೋಳದ ಪುಸ್ತಕದ ನಕಾಶೆಯಂತಿರುತ್ತಿತ್ತು, ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ, ನಡುವೆ ಒಂದೆರಡು ಕೆರೆ. ಕೆಳಗೆ ಸ್ವಂತ ಹಿಟ್ಟಿನ ಗಿರಣಿ, ಮೇಲಿನ ಮನೆಯಲ್ಲಿ ರೊಟ್ಟಿಗೆ ಬರ. ಬಿಬವೇವಾಡಿಯ ಆ ಮರಾಠಿ ಓಣಿಯವರೆಲ್ಲ ಜೋಳ ಬೀಸಿಸಿಕೊಂಡು ಹೋಗುವುದು ಈ ಮನೆಯ ಹಿರಿಯ ಮಗ ಗೂಳಪ್ಪನ ಗಿರಣಿಯಲ್ಲೇ.

ಆದರೆ ರೊಟ್ಟಿ ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ ಸಿದ್ದಾರೂಢ.

ಸಿದ್ದಾರೂಢ ಗೂಳಪ್ಪನ ತಮ್ಮ. ವಯಸ್ಸು ಮೂವತ್ತಾರು, ತೂಕ ಎಂಬತ್ತು ಕಿಲೋ, ಬುದ್ಧಿ ಮಾತ್ರ ಮೂರು ವರ್ಷದ ಕೂಸಿನದು. ಅವನಿಗೆ ಜಳಕ ಮಾಡಿಸಬೇಕು, ಚಡ್ಡಿ ಬದಲಿಸಬೇಕು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಬಾಯಿಗಿಡಬೇಕು. ಬಾಗಿಲು ತೆರೆದಿದ್ದರೆ ರಸ್ತೆಗೆ ಹೋಗುತ್ತಾನೆ, ಹೋದರೆ ತಿರುಗಿ ಬರುವುದು ಗೊತ್ತಿಲ್ಲ. ಗಿರಣಿಯಲ್ಲಿ ಕೂಡಿಸಿಕೊಳ್ಳೋಣವೆಂದರೆ, ಒಮ್ಮೆ ತಿರುಗುವ ಬೆಲ್ಟಿಗೆ ಕೈಹಾಕಿ ಬೆರಳಿನ ತುದಿ ಕಳೆದುಕೊಂಡಿದ್ದಾನೆ. ಇಷ್ಟನ್ನೂ ಮೂವತ್ತಾರು ವರ್ಷ ಒಬ್ಬಳೇ ಸಂಭಾಳಿಸಿದವಳು ತಾಯಿ ಬಸವಣ್ಣೆವ್ವ. ಗಂಡ ಸತ್ತಾಗ ಹದಿಮೂರು ದಿನ ಕೂತು ಅಳುವುದಕ್ಕೂ ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಈಗ ಅವಳಿಗೆ ಅರವತ್ತೆಂಟು. ಬಚ್ಚಲಲ್ಲಿ ಸಾಬೂನಿನ ಮೇಲೆ ಕಾಲಿಟ್ಟು ಜಾರಿದೆ ಎಂದಳು. ಆರು ವಾರ ಕೈ ಎತ್ತಬಾರದು, ಆಮೇಲೂ ಭಾರದ ಕೆಲಸ ಮರೆತುಬಿಡಿ ಎಂದರು ಡಾಕ್ಟರು.

ಅವತ್ತು ಊಟಕ್ಕೆ ಕೂತಾಗ ಶೈಲಾ ಎಲ್ಲರೂ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ನಾಳಿಂದ ಸಿದ್ದಾನ ಜಳಕ ಯಾರು ಮಾಡಸಾವ್ರು?"

ಗೂಳಪ್ಪ ತಾಟಿನಿಂದ ತಲೆ ಎತ್ತಲಿಲ್ಲ. "ನಾ ಏಳಕ್ಕ ಗಿರಣಿ ತಗೀಬೇಕು. ಹತ್ತಕ್ಕ ಲೈಟ್ ಹೋದ್ರ ಒಂದಕ್ಕ ಬರ್ತಾವ. ಇದ್ದಾಗ ಬೀಸಬೇಕಲ್ಲ?"

"ಹಂಗಾರ ನಾ ಮಾಡಸ್ಲೇನ್ರಿ?"

ಮೀಸೆ ಬಂದ ಮೈದುನನಿಗೆ ಅತ್ತಿಗೆ ಜಳಕ ಮಾಡಿಸುವುದು ಹೇಗೆ? ಸ್ನೇಹಲ್ ನೀರು ತರುವ ನೆವ ಮಾಡಿ ಎದ್ದಳು.

"ಬ್ಯಾಡ ಯವ್ವಾ," ಎಂದಳು ಬಸವಣ್ಣೆವ್ವ. "ಎಡಗೈಲೆ ನಾನ ಮಾಡಸ್ತೀನಿ."

"ಡಾಕ್ಟರ್ ಏನ್ ಹೇಳ್ಯಾರ, ಅತ್ತಿ? ಇನ್ನೊಂದು ಕೈನೂ ಮುರಕೊಂಡು ಕೂಡ್ತೀರೇನು?"

ಕಡೆಗೆ ಜಳಕ ಗೂಳಪ್ಪನ ಪಾಲಿಗೇ ಬಂತು. ಅವನು ದೂರ ನಿಂತು, ಎಮ್ಮೆ ತೊಳೆಯುವವನಂತೆ ನಾಲ್ಕು ತಂಬಿಗೆ ನೀರು ಎರಚಿ, ಟವೆಲ್ ಎಸೆದು ಗಿರಣಿಗೆ ಇಳಿದುಬಿಡುತ್ತಿದ್ದ. ಸಿದ್ದಾರೂಢ ಚೀರುವುದು ಓಣಿಯ ತುದಿಯವರೆಗೆ ಕೇಳುತ್ತಿತ್ತು. ಉಳಿದ ದಿನವೆಲ್ಲ ಯಾರು ಅವನೊಂದಿಗೆ ಇರಬೇಕು? ಸ್ನೇಹಲ್ ಇದ್ದಳು, ಆದರೆ ಹದಿನಾರರ ಹುಡುಗಿ ಅವನ ಬಟ್ಟೆ ಬದಲಿಸುವುದು ಬಸವಣ್ಣೆವ್ವನಿಗೇ ಒಪ್ಪಿಗೆಯಿರಲಿಲ್ಲ. ಮೊದಲ ವಾರ ಶೈಲಾ ರಜೆ ಹಾಕಿದಳು. ಅಲ್ಲಿಗೆ ಅವಳ ರಜೆಗಳೆಲ್ಲ ಮುಗಿದವು.

ಶೈಲಾಳ ನೌಕರಿಯ ಕಥೆ ಇಷ್ಟು. ಸ್ವಾರಗೇಟದ ಹತ್ತಿರ ಒಂದು ಹೆಣ್ಣುಮಕ್ಕಳ ಶಾಲೆಯ ಆಫೀಸಿನಲ್ಲಿ ಒಂಬತ್ತು ವರ್ಷ ಹಂಗಾಮಿ ಗುಮಾಸ್ತೆ. 2005ರ ಆ ಜೂನ್‌ನಲ್ಲಿ ಅವಳನ್ನು ಕಾಯಂ ಮಾಡುತ್ತೇವೆಂದು ಮುಖ್ಯಾಧ್ಯಾಪಕಿ ಬಾಯಿಬಿಟ್ಟು ಹೇಳಿದ್ದರು. "ಆದರೆ ಶೈಲಾಬಾಯಿ, ಪ್ರವೇಶದ ಹಂಗಾಮಿನಲ್ಲಿ ಒಂದು ದಿನವೂ ತಪ್ಪಿಸಬೇಡಿ. ಸಂಸ್ಥೆಯವರು ಹಾಜರಿ ಪುಸ್ತಕ ನೋಡುತ್ತಾರೆ." ಕಾಯಂ ಆದರೆ ಪಿಂಚಣಿ, ಆಗದಿದ್ದರೆ ಒಂಬತ್ತು ವರ್ಷ ಗಾಳಿಗೆ. ಮನೆಯಲ್ಲಿ ಒಬ್ಬರು ಕೂರಲೇಬೇಕು ಎಂದಾದರೆ ಕೂರುವವಳು ಯಾರು ಎನ್ನುವುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಗಂಡಸಿನ ಗಿರಣಿ ಬಿಡಿಸುವವರು ಯಾರಿದ್ದಾರೆ?

ಸುದ್ದಿ ತಂದವನು ಶಾಲೆಯ ಸಿಪಾಯಿ ಪಂಢರಿನಾಥ. ಮಹಾಪಾಲಿಕೆಯವರು ಹತ್ತಿರದ ಹಳೆಯ ಶಾಲೆಯೊಂದರ ಕೆಳಗಿನ ಕೋಣೆಗಳಲ್ಲಿ ಸಿದ್ದಾರೂಢನಂಥ, ವಯಸ್ಸು ಬೆಳೆದೂ ಬುದ್ಧಿ ಬೆಳೆಯದವರಿಗಾಗಿ ಹಗಲುಕೇಂದ್ರ ತೆರೆಯುತ್ತಿದ್ದಾರಂತೆ. ಜೂನ್‌ನಿಂದ ಶುರು. ಬೆಳಿಗ್ಗೆ ವ್ಯಾನು ಬಂದು ಒಯ್ಯುತ್ತದೆ, ಸಂಜೆ ಬಿಡುತ್ತದೆ. ಜಳಕ, ಊಟ, ಆರೈಕೆಗೆ ಗಂಡಾಳುಗಳು ಇರುತ್ತಾರೆ. ಖರ್ಚು ಪಾಲಿಕೆಯದೇ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀಬ್ಯಾಡ," ಎಂದ ಗೂಳಪ್ಪ. "ಸರಕಾರದವ್ರು ಬಂದು ನನ್ನ ತಮ್ಮಗ ಜಳಕ ಮಾಡಸ್ತಾರ? ಯಾವ ಊರಾಗ?"

"ನೀವಂತೂ ಮಾಡ್ಸೂದು ನೋಡೀನಲ್ರಿ. ಅವರು ಅದಕ್ಕಿಂತ ಚಲೋನ ಮಾಡಸ್ತಾರ," ಎಂದಳು ಶೈಲಾ.

ಅವಳು ಊಟದ ವೇಳೆಯಲ್ಲಿ ಉಪವಾಸ ಓಡಾಡಿ ವಾರ್ಡ್ ಆಫೀಸಿನಿಂದ ಅರ್ಜಿ ತಂದಳು, ಡಾಕ್ಟರ ಸರ್ಟಿಫಿಕೇಟು ಹಚ್ಚಿದಳು, ತುಂಬಿ ಕೊಟ್ಟಳು. ಕಾಗದ ಎಲ್ಲರದೂ ಒಂದೇ ಥರ ಇರುತ್ತದೆ, ಮನೆಗೆ ಬಂದು ನೋಡಿದ ಮೇಲೆಯೇ ತೀರ್ಮಾನ ಎಂದರು ಆಫೀಸಿನವರು. ಗುರುವಾರ ಹನ್ನೊಂದಕ್ಕೆ ಕೃಷ್ಣಾಬಾಯಿ ಎಂಬ ಸಮಾಜಸೇವಕಿ ಬರುತ್ತಾರೆ.

"ನೋಡಾಕ ಬರ್ತಾರ?" ಬಸವಣ್ಣೆವ್ವ ಎರಡೆರಡು ಸಲ ಕೇಳಿದಳು. "ನೋಡಿ, ಚಲೋ ಕಂಡ್ರ ಹೆಸರು ಹಚ್ಕೋತಾರ?"

"ಹೂಂ ಅತ್ತಿ. ಹನ್ನೊಂದಕ್ಕ ನಾನೂ ಬರ್ತೀನಿ. ಒಂದು ತಾಸು ಪರ್ಮಿಷನ್ ಕೇಳೀನಿ."

ಗಡಿಬಿಡಿಯಲ್ಲಿದ್ದ ಶೈಲಾ ಆ "ಚಲೋ ಕಂಡ್ರ" ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಮುಂದಿನ ರಾದ್ಧಾಂತ ಆಗುತ್ತಿರಲಿಲ್ಲ.

ಬಸವಣ್ಣೆವ್ವನ ತಲೆಯಲ್ಲಿ ಇದ್ದದ್ದು ಬೇರೆ. ಮೂವತ್ತು ವರ್ಷದ ಹಿಂದೆ, ಸಿದ್ದಾನಿಗೆ ಆರು ತುಂಬಿದಾಗ, ಅವಳು ಅವನಿಗೆ ಹೊಸ ಅಂಗಿ ತೊಡಿಸಿ ಶಾಲೆಗೆ ಹೆಸರು ಹಚ್ಚಲು ಒಯ್ದಿದ್ದಳು. ಹೆಡ್‌ಮಾಸ್ತರರ ಟೇಬಲ್ ಮುಂದೆ ಅವನು ನಿಂತಲ್ಲೇ ಒದ್ದೆ ಮಾಡಿಕೊಂಡ. ಮಾಸ್ತರರು ಮೂಗು ಮುಚ್ಚಿಕೊಂಡು, ಇಂಥವರನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಆ ದಿನದ ಹೊಟ್ಟೆಯುರಿಯಲ್ಲಿ ಬಸವಣ್ಣೆವ್ವ ಮಗನಿಗೆ ಒಂದು ವಿದ್ಯೆ ಕಲಿಸಿದಳು. ಕಲಿಸಲು ಎರಡು ವರ್ಷ ಹಿಡಿಯಿತು. ಮನೆಗೆ ಯಾರು ಬಂದರೂ ಕೈಮುಗಿಯಬೇಕು, ಮರಾಠಿಯಲ್ಲಿ "ನಮಸ್ಕಾರ, ಯಾ, ಬಸಾ" ಎಂದು ಬರಮಾಡಿಕೊಂಡು ಕೂರಲು ಹೇಳಬೇಕು, ತುಳುಕಿಸದೆ ನೀರಿನ ಲೋಟ ತಂದುಕೊಡಬೇಕು, ಆಮೇಲೆ ಸುಮ್ಮನೆ ಗೋಡೆಗೆ ಕೂರಬೇಕು. ಅರ್ಧ ತಾಸಿನವರೆಗೆ ಅವನು ಅದನ್ನು ಒಂದಿಷ್ಟೂ ತಪ್ಪದೆ ಮಾಡುತ್ತಿದ್ದ. ಈಗ ಗಂಡನ ಮನೆಯಲ್ಲಿರುವ ಮಗಳ ಲಗ್ನಕ್ಕೆ ಗಂಡಿನ ಕಡೆಯವರು ಬಂದಾಗ ಅವರು ಇವನನ್ನು ಸಂಕೋಚದ ಹುಡುಗ ಎಂದುಕೊಂಡು ಹೋಗಿದ್ದರು. ಬೀಗರ ಮುಂದೆ, ನೆರೆಯವರ ಮುಂದೆ ಅವನ ಕೊರತೆ ತೋರಿಸದಿರುವುದೇ ಆ ಮನೆಯ ಮರ್ಯಾದೆಯಾಗಿತ್ತು.

ಬುಧವಾರವೇ ತಯಾರಿ ಶುರುವಾಯಿತು. ಕ್ಷೌರಿಕ ಮನೆಗೇ ಬಂದು ಹೋದ. ಗುರುವಾರ ಬೆಳಿಗ್ಗೆ ಗೂಳಪ್ಪನ ಕೈಯಿಂದ ಎರಡು ಸಲ ಜಳಕ. ದೀಪಾವಳಿಯ ಬಿಳಿ ಅಂಗಿ, ಹಣೆಗೆ ವಿಭೂತಿ, ಕೊರಳಿಗೆ ಪೌಡರ್.

"ಅಜ್ಜಿ, ಕಾಕಾನ ಲಗ್ನ ಏನು ಇವತ್ತು?" ಎಂದು ಸ್ನೇಹಲ್ ನಕ್ಕಳು.

"ನಗಬ್ಯಾಡ. ಈ ಸಲ ಅವನ ಹೆಸರು ಹಚ್ಚಿಸಿನ ಬಿಡ್ತೀನಿ."

ಕೃಷ್ಣಾಬಾಯಿ ಹತ್ತೂಕಾಲಿಗೇ ಬಂದುಬಿಟ್ಟರು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಫೈಲು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ಸಿದ್ದಾರೂಢ ಎದ್ದು ಕೈಮುಗಿದ. "ನಮಸ್ಕಾರ. ಯಾ, ಬಸಾ." ನೀರು ತಂದ. ಒಂದು ಹನಿ ಚೆಲ್ಲಲಿಲ್ಲ. ಬಸವಣ್ಣೆವ್ವನ ಮುಖ ನೋಡಬೇಕಿತ್ತು ಆಗ. ಮಗ ಮೊದಲ ನಂಬರಿನಲ್ಲಿ ಪಾಸಾದ ತಾಯಿಗೂ ಅಷ್ಟು ಹಿಗ್ಗು ಇರಲಿಕ್ಕಿಲ್ಲ.

ಮುಂದಿನದೆಲ್ಲ ಮರಾಠಿಯಲ್ಲಿ ನಡೆಯಿತು.

"ಊಟ ತಾನೇ ಮಾಡುತ್ತಾನೆಯೇ?"

"ಹೌದಲ್ಲ! ತಾನೇ."

"ಜಳಕ?"

"ಅದೂ ತಾನೇ. ನೀರು ಕಾಸಿಕೊಟ್ಟರೆ ಆಯಿತು."

"ಸಂಡಾಸಕ್ಕೆ ಹೋಗುವುದು ತಿಳಿಯುತ್ತದೆಯೇ? ಬಟ್ಟೆ ಕೆಡಿಸಿಕೊಳ್ಳುತ್ತಾನೆಯೇ?"

"ಛೇ ಛೇ, ಇಲ್ಲ ಬಾಯಿ. ಭಾಳ ಸ್ವಚ್ಛ."

"ಸಿಟ್ಟು? ಹೊಡೆಯುವುದು ಬಡಿಯುವುದು?"

"ಬಂಗಾರದಂಥ ಹುಡುಗ."

ಚಹಾ ತಂದ ಸ್ನೇಹಲ್ ಏನೋ ಹೇಳಲು ಬಾಯಿ ತೆರೆದಳು. ಅಜ್ಜಿ ಕಣ್ಣು ಬಿಟ್ಟ ರೀತಿಗೆ ಬಾಯಿ ಮುಚ್ಚಿಕೊಂಡಳು. ಕೃಷ್ಣಾಬಾಯಿ ಬರೆದುಕೊಂಡರು, ಚಹಾ ಚೆನ್ನಾಗಿದೆ ಎಂದರು, ಹೋದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಶೈಲಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರೆ ಖಾಲಿ ಕಪ್ಪುಬಸಿಗಳು ಕೂತಿದ್ದವು.

"ಹೋದರವ್ವ. ಭಾಳ ಚಲೋ ಆತು," ಎಂದಳು ಬಸವಣ್ಣೆವ್ವ.

ಎಂಟು ದಿನಕ್ಕೆ ಪತ್ರ ಬಂತು. ರಾತ್ರಿ ಊಟದ ಮೊದಲು ಸ್ನೇಹಲ್ ಓದಿ ಅರ್ಥ ಹೇಳಿದಳು. ಅರ್ಜಿದಾರ ತನ್ನ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲನು. ಮನೆಯವರ ಸಾಧಾರಣ ದೇಖರೇಖಿ ಸಾಕು. ಅವಶ್ಯಕತೆ ಹೆಚ್ಚಿರುವವರ ಯಾದಿಯಲ್ಲಿ ಸೇರಿಸಿಲ್ಲ.

ಶೈಲಾ ಬಡಿಯುತ್ತಿದ್ದ ರೊಟ್ಟಿ ಅಲ್ಲೇ ನಿಂತಿತು. "ಅತ್ತಿ, ಅವರು ಕೇಳಿದ್ದಕ್ಕ ನೀವು ಏನಂದ್ರಿ?"

"ಏನಂತೀನಿ? ಹುಡುಗ ಚಲೋ ಅದಾನ ಅಂದೆ."

"ಜಳಕಾ ತಾನ ಮಾಡ್ತಾನ ಅಂದಾರ ಮಮ್ಮಿ," ಎಂದಳು ಸ್ನೇಹಲ್, ಇನ್ನು ತಡೆಯಲಾರದೆ. "ಊಟಾನೂ ತಾನ ಮಾಡ್ತಾನ ಅಂದಾರ."

"ಅತ್ತೀ! ಇದು ಕನ್ಯಾ ನೋಡೂ ಕಾರ್ಯ ಅಲ್ರಿ! ಮನ್ಯಾಗ ಎಷ್ಟು ತ್ರಾಸ ಅದ ಅಂತ ನೋಡಾಕ ಬಂದಿದ್ರು ಅವರು. ಅವನ ಕೈಲೆ ಏನೇನು ಆಗೂದಿಲ್ಲ ಅದನ್ನ ಹೇಳಬೇಕಿತ್ತು!"

"ಹೆತ್ತ ಮಗನ್ನ ಬಂದವರ ಮುಂದ ಹಳೀಲೇನು? ಹೊಲಸು ಮಾಡ್ಕೋತಾನ ಅಂದ್ರ ಯಾರು ಹೆಸರು ಹಚ್ಕೋತಾರ? ಒಮ್ಮೆ ಹಂಗಾಗೇದ ನನಗ."

"ಹೊಲಸು ಮಾಡ್ಕೋಳಾವ್ರ ಸಲುವಾಗೇ ತಗದಾರ್ರಿ ಅದನ್ನ!"

ಗೂಳಪ್ಪ ನಡುವೆ ಬಾಯಿ ಹಾಕಿ ಕೆಲಸ ಕೆಡಿಸಿದ. "ಬಿಡ ಶೈಲಾ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಳ್ಳ ಹೇಳಿಲ್ಲ."

ಬಸವಣ್ಣೆವ್ವ ಎದ್ದು ನಿಂತಳು. "ಯಾರಿಗೆ ಹೆಗ್ಗಣ ಅಂದ್ಯೋ ಗೂಳ್ಯಾ? ಒಡಹುಟ್ಟಿದಂವಗ? ಮೂವತ್ತಾರು ವರ್ಷದಾಗ ಅವಗ ಒಂದು ತುತ್ತು ಉಣಿಸಿ ಏನು ನೀ? ಒಂದು ತುತ್ತು?"

ಗೂಳಪ್ಪ ತಲೆ ತಗ್ಗಿಸಿದ. ಸಿದ್ದಾರೂಢ ಎಲ್ಲರ ಮುಖ ನೋಡಿ ಅಳತೊಡಗಿದ.

ಶೈಲಾ ಕೈ ತೊಳೆದುಕೊಂಡಳು. ಅವಳ ದನಿ ಈಗ ಇಳಿದಿತ್ತು. "ಆತು. ಜೂನ್ ಒಂದಕ್ಕ ರಾಜೀನಾಮೆ ಕೊಡ್ತೀನಿ. ಒಂಬತ್ತು ವರ್ಷ ಬಸ್ಸಿನ್ಯಾಗ ನಿಂತು ಹೋಗೀನಿ, ಇನ್ನ ಮನ್ಯಾಗ ಕೂಡ್ತೀನಿ. ನಿಮ್ಮ ಮಗ ಚಲೋ ಅದಾನಲ್ಲ, ನನಗ ಕೆಲಸೇನೂ ಇರೂದಿಲ್ಲ."

ಅವಳು ಊಟ ಮಾಡದೆ ಮಲಗಿದಳು. ಮರುದಿನ ರಾಜೀನಾಮೆ ಬರೆದು ಪರ್ಸಿನಲ್ಲಿ ಇಟ್ಟುಕೊಂಡಳು. ಮೂರು ದಿನ ಅತ್ತೆ ಸೊಸೆ ಸ್ನೇಹಲ್ ಮೂಲಕ ಮಾತಾಡಿದರು. "ಉಪ್ಪು ಎಲ್ಲಿ ಅದ ಅಂತ ಕೇಳು ನಿಮ್ಮ ಅವ್ವಗ." "ಡಬ್ಬಿ ಹಿಂದ ಅದ ಅಂತ ಹೇಳು ನಿಮ್ಮ ಅಜ್ಜಿಗೆ." ಇಬ್ಬರ ನಡುವಿನ ಅಂತರ ನಾಲ್ಕು ಅಡಿ.

ಆದರೂ ಶೈಲಾ ಸುಮ್ಮನೆ ಕೂರುವ ಪೈಕಿ ಅಲ್ಲ. ನಾಲ್ಕನೆಯ ದಿನ ಮತ್ತೆ ವಾರ್ಡ್ ಆಫೀಸಿಗೆ ಹೋಗಿ ಕೃಷ್ಣಾಬಾಯಿಯ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಶಾಲೆಯ ಹೆಡ್‌ಮಾಸ್ತರರ ಕಥೆಯನ್ನೂ ಬಿಡಲಿಲ್ಲ. ಕೃಷ್ಣಾಬಾಯಿ ಫೈಲು ತೆಗೆದು ತಾವೇ ಬರೆದದ್ದನ್ನು ಇನ್ನೊಮ್ಮೆ ಓದಿದರು.

"ನಾನು ಅವತ್ತು ಏನು ಅಂದುಕೊಂಡೆ ಗೊತ್ತೇ? ಎಲ್ಲರ ಮನೆಯೂ ಇಷ್ಟು ಹಗುರಾಗಿದ್ದರೆ ಎಷ್ಟು ಚೆನ್ನ ಅಂದುಕೊಂಡೆ," ಎಂದರು. "ನೋಡಮ್ಮ, ಬಜೆಟ್ಟಿನಲ್ಲಿ ಮಂಜೂರಾಗಿರುವುದು ಹನ್ನೆರಡು ಜನರ ಖರ್ಚು. ಅರ್ಜಿ ಬಂದಿರುವುದು ನಲವತ್ತೊಂದು. ಹತ್ತು ಹೆಸರು ಆಗಿಹೋಗಿವೆ. ಉಳಿದ ಎರಡು ಮೇ ಇಪ್ಪತ್ತೆಂಟರ ಸಭೆಯಲ್ಲಿ. ನಾನು ಇನ್ನೊಮ್ಮೆ ಬರುತ್ತೇನೆ, ಯಾವತ್ತೆಂದು ಹೇಳುವುದಿಲ್ಲ. ಮತ್ತೆ, ನಿನ್ನ ಮಾತು ನಾನು ಬರೆದುಕೊಳ್ಳಲು ಬರುವುದಿಲ್ಲ. ಅವನ ಪಾಲಕರು ತಾಯಿ. ಅವರೇ ಹೇಳಬೇಕು, ಅವರೇ ಸಹಿ ಮಾಡಬೇಕು."

ಅವತ್ತು ಸಂಜೆ ಶೈಲಾ ತಾನಾಗಿಯೇ ಅತ್ತೆಯ ಪಕ್ಕದಲ್ಲಿ ಕೂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅವನ ಮುಂದ ಕುಂತು ಇವಗ ಇದು ಬರೂದಿಲ್ಲ, ಅದು ಬರೂದಿಲ್ಲ ಅಂತ ಹೇಳ್ಲೇನು?" ಎಂದಳು ಬಸವಣ್ಣೆವ್ವ. "ನೀವು ಅವಗ ಏನೂ ತಿಳಿಯೂದಿಲ್ಲ ಅಂತೀರಿ. ಅವಗ ಎಲ್ಲಾ ತಿಳೀತದ ಶೈಲಾ. ನನ್ನ ದನಿ ಸಣ್ಣದಾದ್ರ ಅವನ ಮುಖ ಸಣ್ಣದಾಗ್ತದ."

"ನಾ ಒತ್ತಾಯ ಮಾಡೂದಿಲ್ರಿ ಅತ್ತಿ. ನೀವು ಇರೂತನಕ ನೀವು, ನಿಮ್ಮ ನಂತರ ನಾ ಅಂತೂ ಅದೀನಿ. ಆದ್ರ ನನಗೂ ಐವತ್ತಾಗ್ತದ, ಅರವತ್ತಾಗ್ತದ. ಆಗ ನನ್ನ ಕೈ ಮುರೀತದ. ಆಮ್ಯಾಲೆ ಸ್ನೇಹಲ್‌ನ ಕರೀತೀರೇನು?"

ಸಿದ್ದಾರೂಢ ತಾಯಿಯ ಪ್ಲಾಸ್ಟರಿನ ಅಂಚನ್ನು ಕೆರೆಯುತ್ತ ಕೂತಿದ್ದ.

ಮೇ ಎರಡನೆಯ ವಾರದ ಮಂಗಳವಾರ. ಮಧ್ಯಾಹ್ನ ಒಂದು ಗಂಟೆ. ಕೆಳಗೆ ಲೈಟು ಬಂದು ಗಿರಣಿ ಗುಡುಗತೊಡಗಿತ್ತು. ಶೈಲಾ ಶಾಲೆಯಲ್ಲಿದ್ದಳು. ಮೇಲೆ ಸಿದ್ದಾರೂಢ ಹಾಸಿಗೆ ಒದ್ದೆ ಮಾಡಿಕೊಂಡಿದ್ದ. ಬಸವಣ್ಣೆವ್ವ ಅವನಿಗೆ ಒಂದು ಪಂಚೆ ಸುತ್ತಿ ಎಡಗೈಯಿಂದ ಉಣಿಸುತ್ತಿದ್ದಳು, ಸ್ನೇಹಲ್ ಚಾದರ ಎಳೆದು ಬಕೆಟ್ಟಿಗೆ ಹಾಕುತ್ತಿದ್ದಳು. ಎಡಗೈಯ ತುತ್ತು ಅರ್ಧ ಬಾಯಿಗೆ, ಅರ್ಧ ಎದೆಗೆ. ಬಾಗಿಲು ಬಡಿದ ಸದ್ದಾಯಿತು. ಸ್ನೇಹಲ್ ಕಿಟಕಿಯಿಂದ ಇಣುಕಿ ಓಡಿ ಬಂದಳು.

"ಅಜ್ಜಿ! ಆ ಬಾಯಿ ಬಂದಾರ! ತಡೀ, ಎರಡು ಮಿನಿಟ್ ಹೊರಗ ನಿಂದ್ರಸ್ತೀನಿ. ಕಾಕಾಗ ಪ್ಯಾಂಟ್ ಹಾಕೋಣು, ಮುಖಾ ಒರಸೋಣು!"

ಆ ಮನೆಯಲ್ಲಿ ಹುಟ್ಟಿದ ಹುಡುಗಿ. ಅವಳಿಗೂ ಅದೇ ರಕ್ತಗತವಾಗಿತ್ತು.

ಬಸವಣ್ಣೆವ್ವ ಎದ್ದು ಮೊಳೆಯಲ್ಲಿದ್ದ ಅಂಗಿಯನ್ನು ತೆಗೆದುಕೊಂಡಳು. ಅಂಗಿ ಹಿಡಿದು ನಿಂತಳು. ಬಾಗಿಲು ಮತ್ತೆ ಬಡಿಯಿತು. ಅವಳು ಮಗನನ್ನು ನೋಡಿದಳು, ಬಕೆಟ್ಟಿನ ಚಾದರ ನೋಡಿದಳು, ಆ ಬಕೆಟ್ಟಿನ ಪಕ್ಕ ನಿಂತ ಮೊಮ್ಮಗಳನ್ನು ನೋಡಿದಳು. ಅಂಗಿಯನ್ನು ತಿರುಗಿ ಮೊಳೆಗೆ ಹಾಕಿದಳು.

"ತಗಿ ಬಾಗಲಾ," ಎಂದಳು.

"ಅಜ್ಜಿ..."

"ತಗಿ. ಹೆಂಗ ಅದಾನ ಹಂಗ ನೋಡ್ಲಿ."

ಒಳಗೆ ಬಂದ ಕೃಷ್ಣಾಬಾಯಿಗೆ ಈ ಸಲ ಯಾರೂ ನಮಸ್ಕಾರ ಎನ್ನಲಿಲ್ಲ. ಉಣ್ಣುವಾಗ ಪರಕೀಯರನ್ನು ಕಂಡು ಸಿದ್ದಾರೂಢ ತಾಟು ತಳ್ಳಿ ಚೀರಿದ. ಅವರು ಒದ್ದೆಯಿಲ್ಲದ ಕಡೆ ನೋಡಿ ನೆಲದ ಮೇಲೇ ಕೂತರು, ಫೈಲು ತೆರೆದರು.

"ಊಟ?"

"ನಾನೇ ಉಣಿಸಬೇಕು," ಎಂದಳು ಬಸವಣ್ಣೆವ್ವ ಮರಾಠಿಯಲ್ಲಿ.

"ಜಳಕ?"

"ಅವನಿಂದ ಆಗುವುದಿಲ್ಲ."

"ಸಂಡಾಸ?"

"ತಿಳಿಯುವುದಿಲ್ಲ. ದಿನಕ್ಕೆ ನಾಲ್ಕು ಸಲ ಬಟ್ಟೆ. ರಾತ್ರಿ ಎರಡು ಸಲ."

ಪ್ರತಿ ಉತ್ತರಕ್ಕೂ ಅವಳ ದನಿ ಇಳಿಯುತ್ತ ಹೋಯಿತು. ಸಿದ್ದಾರೂಢ ಚೀರುವುದನ್ನು ನಿಲ್ಲಿಸಿ ತಾಯಿಯ ಬಾಯಿಯನ್ನೇ ನೋಡುತ್ತಿದ್ದ.

"ಹೊಡೆಯುತ್ತಾನೆಯೇ?"

ಬಸವಣ್ಣೆವ್ವನ ಮರಾಠಿ ಅಲ್ಲಿಗೆ ಮುಗಿದುಹೋಗಿತ್ತು. ಕನ್ನಡದಲ್ಲೇ ಹೇಳಿದಳು.

"ಬಚ್ಚಲದಾಗ ನಾ ಜಾರಿಲ್ಲ. ತಲಿ ಮ್ಯಾಲೆ ನೀರು ಹಾಕಿದೆ, ಅಂಜಿದಾ. ನನ್ನ ಕೈ ಹಿಡದು ತಿರುವಿದಾ. ಅವಗ ಬೇಕಂತ ಮಾಡೂದು ಗೊತ್ತಿಲ್ಲ. ಕೈ ಮುರದದ್ದೂ ಗೊತ್ತಿಲ್ಲ. ನಾ ಅಳೂದು ನೋಡಿ ತಾನೂ ಅತ್ತ. ಇದು ಮೊದಲನೇ ಸಲ ಅಲ್ಲ. ಹೋದ ವರ್ಷ ಪಕ್ಕಡಿ ಎಲವು ಸೀಳು ಬಿಟ್ಟಿತ್ತು, ಬಸ್ಸಿನ್ಯಾಗ ಬಿದ್ದೆ ಅಂತ ಹೇಳಿದೆ."

ಕೃಷ್ಣಾಬಾಯಿ ಸ್ನೇಹಲ್ ಕಡೆ ನೋಡಿದರು. ಆ ಹುಡುಗಿ ಅದನ್ನು ಮರಾಠಿಯಲ್ಲಿ ತಿರುಗಿ ಹೇಳಬೇಕಿತ್ತು. ಮನೆಯಲ್ಲಿ ಯಾರಿಗೂ ತಿಳಿಯದಿದ್ದ ಮಾತನ್ನು ಅವಳು ಆಗಲೇ ಕೇಳಿ, ಆಗಲೇ ಪರರಿಗೆ ಹೇಳಬೇಕು. ಎರಡು ಸಲ ಶುರುಮಾಡಿ ಅರ್ಧಕ್ಕೇ ಬಿಟ್ಟಳು. ಮೂರನೆಯ ಸಲ ಹೇಳಿ ಮುಗಿಸಿದಳು. ಕೃಷ್ಣಾಬಾಯಿಯೂ ಬರೆಯುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡರು.

ಕನ್ನಡದಲ್ಲಿ ನೆಟ್ಟಗೆ ಸಹಿ ಮಾಡಬಲ್ಲ ಬಸವಣ್ಣೆವ್ವ, ಬಲಗೈ ಪ್ಲಾಸ್ಟರಿನಲ್ಲಿದ್ದುದರಿಂದ, ಎಡಗೈ ಹೆಬ್ಬೆಟ್ಟು ಒತ್ತಿದಳು. ಅವರು ಹೋದ ಮೇಲೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿನಗ ಅಂದದ್ದಲ್ಲೋ ಸಿದ್ದಾ, ಕಾಗದಕ್ಕ ಅಂದದ್ದು, ಕಾಗದಕ್ಕ," ಎಂದು ಸಂಜೆಯವರೆಗೆ ಹೇಳುತ್ತಲೇ ಇದ್ದಳು.

ಗೂಳಪ್ಪನಿಗೆ ವಿಷಯ ಮಗಳಿಂದ ತಿಳಿಯಿತು. ಮೈಮೇಲಿನ ಹಿಟ್ಟು ಕೊಡವಿಕೊಳ್ಳದೆ ತಾಯಿಯ ಮುಂದೆ ಬಂದು ನಿಂತ.

"ಯಾಕ ಹೇಳಲಿಲ್ಲ ಯವ್ವಾ?"

"ಹೇಳಿದ್ರ ನೀ ಅವನ್ನ ಹೊಡೀತಿದ್ದಿ."

ಅದು ನಿಜವಾಗಿತ್ತು. ಒಲೆಯ ಮುಂದಿದ್ದ ಶೈಲಾ ಎದ್ದು ಬಂದು ಅತ್ತೆಯ ಪ್ಲಾಸ್ಟರಿನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅವತ್ತು ಆ ಮನೆಯಲ್ಲಿ ಜಗಳವಾಗಲಿಲ್ಲ.

ಇಪ್ಪತ್ತೆಂಟರ ಸಂಜೆ ವಾರ್ಡ್ ಆಫೀಸಿನ ಫಲಕದ ಮೇಲೆ ಯಾದಿ ಅಂಟಿಸಿದರು. ಹನ್ನೊಂದನೆಯ ಹೆಸರು ಸಿದ್ದಾರೂಢನದು. ಶೈಲಾ ಅಲ್ಲೇ ನಿಂತು ರಾಜೀನಾಮೆಯನ್ನು ಹರಿದು ಹಾಕಿದಳು. ಪಕ್ಕದಲ್ಲಿ ಕಟ್ಟಡ ಕೆಲಸದಿಂದ ನೇರವಾಗಿ ಬಂದಂತಿದ್ದ ಹೆಂಗಸೊಬ್ಬಳು ನಿಂತಿದ್ದಳು, ಸೀರೆಗೆಲ್ಲ ಸಿಮೆಂಟು. ಮಾತು ಕೇಳಿದರೆ ಯಾದಗಿರಿ ಕಡೆಯವಳು. "ಅಕ್ಕಾರ, ನಮ್ಮ ಆರತಿ ಹೆಸರು ಅದ ಏನ್ ನೋಡ್ರಿ, ನಂಗ ಓದಾಕ ಬರಲ್ಲ." ಶೈಲಾ ಹನ್ನೆರಡು ಹೆಸರನ್ನೂ ಎರಡು ಸಲ ಓದಿದಳು. ಇರಲಿಲ್ಲ. "ಮುಂದಿನ ವರ್ಷ ಇನ್ನಷ್ಟು ಜಾಗ ಆಗ್ತಾವಂತ್ರಿ," ಎಂದಳು. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಸಕ್ಕರೆ ಹಂಚುವಾಗ ಆ ಹೆಂಗಸಿನ ಮುಖ ಕಣ್ಣೆದುರಿಗೆ ಬಂದು, ತನ್ನ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ.

ಜೂನ್ ಆರರಿಂದ ವ್ಯಾನು ಬರತೊಡಗಿತು. ಮೊದಲ ದಿನ ಬಸವಣ್ಣೆವ್ವ ವ್ಯಾನಿನ ಆಳಿಗೆ ಹೇಳಿದ್ದೇ ಹೇಳಿದ್ದು: ತಲೆಯ ಮೇಲೆ ಒಮ್ಮೆಲೇ ನೀರು ಹಾಕಬೇಡ, ಮೊದಲು ಕಾಲಿಗೆ, ಆಮೇಲೆ ಬೆನ್ನಿಗೆ, ಅತ್ತರೆ ಕಿವಿಯ ಹಿಂದೆ ಕೆರೆ, ಇವನಿಗೆ ಇದು ಬರುವುದಿಲ್ಲ, ಅದು ಬರುವುದಿಲ್ಲ. ನಾಚಿಕೆಯೆಲ್ಲ ಎಲ್ಲಿಗೋ ಹೋಗಿತ್ತು. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತವಳು ಸಂಜೆ ನಾಲ್ಕೂವರೆಗೆ ವ್ಯಾನು ತಿರುಗಿ ಬರುವವರೆಗೆ ಏಳಲಿಲ್ಲ. ಎರಡನೆಯ ದಿನವೂ ಹಾಗೇ. ನಾಲ್ಕು ದಿನ ಹಾಗೇ. ಶೈಲಾ ಊಟಕ್ಕಿಟ್ಟು ಹೋದ ರೊಟ್ಟಿ ಮುಚ್ಚಿದ ಹಾಗೇ ಇರುತ್ತಿತ್ತು.

ಐದನೆಯ ದಿನ ಅವಳು ಮೆಟ್ಟಿಲ ಮೇಲೆ ಇರಲಿಲ್ಲ. ಗಿರಣಿಯ ಗದ್ದಲದಲ್ಲಿ ಗೂಳಪ್ಪ ಅದನ್ನು ಗಮನಿಸಿರಲಿಲ್ಲ. ನಾಲ್ಕು ಗಂಟೆಗೆ ಗಿರಾಕಿ ಕಡಿಮೆಯಾದ ಮೇಲೆ ನೀರು ಕುಡಿಯಲು ಮೇಲೆ ಬಂದ. ತಾಯಿ ಅಡುಗೆಮನೆಯ ಹೊಸ್ತಿಲ ಪಕ್ಕ ಬರೀ ನೆಲದ ಮೇಲೆ ಬಿದ್ದಿದ್ದಳು. ಬಾಯಿ ತೆರೆದಿತ್ತು, ಒಂದು ಕೈ ಅಡ್ಡ ಚಾಚಿತ್ತು.

"ಯವ್ವಾ," ಎಂದ. ಅವಳು ಅಲುಗಲಿಲ್ಲ. "ಯವ್ವಾ!"

ಹುಟ್ಟಿದಾಗಿನಿಂದ ಅವನು ತಾಯಿ ಹಗಲು ಮಲಗಿದ್ದನ್ನು ಕಂಡವನಲ್ಲ. ರಾತ್ರಿಯೂ ಅವಳು ಎದ್ದು ಓಡಾಡುವ ಸದ್ದು ಕೇಳಿದವನೇ ಹೊರತು ನಿದ್ದೆಯ ಮುಖ ನೋಡಿದವನಲ್ಲ. ಸತ್ತಳೆಂದೇ ಅವನಿಗೆ ಅನ್ನಿಸಿತು. ಮಂಡಿಯೂರಿ, ಹಿಟ್ಟು ಮೆತ್ತಿದ ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದ. ಬೆಚ್ಚಗೆ ಉಸಿರು ತಾಗಿತು. ಸಣ್ಣಗೆ ಗೊರಕೆಯೂ ಇತ್ತು. ಗೂಳಪ್ಪ ಗೋಡೆಗೆ ಒರಗಿ, ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ.

ಕೆಳಗೆ ವ್ಯಾನಿನ ಹಾರ್ನು ಕೇಳಿತು. ಎರಡನೆಯ ಸಲ ಹೊಡೆಯುವುದರೊಳಗೆ ಅವನು ಓಡಿ ಇಳಿದು ಡ್ರೈವರನಿಗೆ ಕೈಮುಗಿದು ಹಾರ್ನು ನಿಲ್ಲಿಸಿದ. ತಮ್ಮನ ಕೈ ಹಿಡಿದು ಇಳಿಸಿಕೊಂಡ. ಮೇಲೆ ಒಯ್ದರೆ ತಾಯಿ ಏಳುತ್ತಾಳೆಂದು ಅವನನ್ನು ಮೆಟ್ಟಿಲ ಮೇಲೇ ಕೂಡಿಸಿದ. ಸಿದ್ದಾರೂಢ ಹಸಿದಿದ್ದ, ಹೊಟ್ಟೆ ಬಡಿದುಕೊಂಡು ತೋರಿಸಿದ. ಗೂಳಪ್ಪ ಕಳ್ಳನಂತೆ ಒಳಗೆ ಹೋಗಿ ರೊಟ್ಟಿ, ಹಾಲು ತಂದ. ಮುರಿದ, ನೆನೆಸಿದ. ಸಕ್ಕರೆ ಹಾಕಿ ತುತ್ತು ಬಾಯಿಗಿಟ್ಟ. ಸಿದ್ದಾರೂಢ ಉಗುಳಿದ. ಮತ್ತೊಂದು ಇಟ್ಟ, ಅದನ್ನೂ ಉಗುಳಿದ. ಯಾರನ್ನಾದರೂ ಕೇಳೋಣವೆಂದರೆ ಬಲ್ಲವಳು ಒಬ್ಬಳೇ, ಅವಳು ಮಲಗಿದ್ದಳು. ಗೂಳಪ್ಪ ಇನ್ನೊಂದು ರೊಟ್ಟಿ ತಂದು, ಬೇರೆ ಹಾಲಿನಲ್ಲಿ ನೆನೆಸಿ, ಈ ಸಲ ಬೆಲ್ಲ ಕಿವುಚಿ ಹಾಕಿದ.

ತಮ್ಮ ಬಾಯಿ ತೆರೆದ. ಮೂವತ್ತಾರು ವರ್ಷದ ಮೇಲೆ ಗೂಳಪ್ಪನಿಗೆ ತಿಳಿಯಿತು, ಅವನಿಗೆ ಬೆಲ್ಲ ಬೇಕು.